ಸಂತೆಯ ದಿನ ಕೂಲಿ ಕೇಳಿದಾಕೆ: ಮಾನಸಿಕ ಆಸ್ಪತ್ರೆಯ ತೋಟದ ಒಂದು ಪ್ರಕರಣ

ಕಲಬುರಗಿ ನಗರದ ಹೊರವಲಯದಲ್ಲಿ ಟ್ರಸ್ಟೊಂದು ನಡೆಸುವ ಮಾನಸಿಕ ಆರೋಗ್ಯ ಆಸ್ಪತ್ರೆಯಿದೆ. ಅದರ ಪುನರ್ವಸತಿ ವಿಭಾಗದಲ್ಲಿದ್ದ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ವಾರವಿಡೀ ತೋಟದಲ್ಲಿ ಕಳೆ ತೆಗೆದು, ಬುಧವಾರ ಸಂಜೆ ಕಚೇರಿಯ ಬಾಗಿಲಿಗೆ ಬಂದು ಕೂಲಿ ಕೇಳಿದರು. ಮುಂದಿನ ಬುಧವಾರವೂ ಬಂದು ಕೇಳಿದರು. ಮೂರನೆಯ ಸಲ ಕೇಳಿದಾಗ ‘ತಾನಿನ್ನೂ ಗೌಡರ ಹೊಲದಲ್ಲಿದ್ದೇನೆಂಬ ಭ್ರಮೆ, ಹಣಕ್ಕಾಗಿ ಪೀಡಿಸುತ್ತಾರೆ’ ಎಂದು ಅವರ ಕಡತದಲ್ಲಿ ಬರೆಯಲಾಯಿತು. ವಾರದ ಪರಿಶೀಲನಾ ಸಭೆಯಲ್ಲಿ ತೋಟದ ವಿಷಯ ಬಂದಾಗ ಆ ಸಾಲನ್ನು ಓದಿದರು. ನಾನೂ ಅಲ್ಲಿದ್ದೆ. ಆ ಸಾಲು ಅಳಿಸಿಹೋಗುವವರೆಗೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಲ್ಲಿ ಸ್ವಯಂಸೇವಕ ತೋಟಗಾರ. ತೋಟಗಾರಿಕೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಮಣ್ಣು, ಗೊಬ್ಬರ, ಬೀಜದ ವಿಷಯ ಗೊತ್ತು, ಮನೋವೈದ್ಯಕೀಯ ಗೊತ್ತಿಲ್ಲ. ಹಾಗಾಗಿ ಈ ಬರಹದಲ್ಲಿ ರೋಗದ ಬಗ್ಗೆ ಬರುವುದೆಲ್ಲ ಅಲ್ಲಿನ ವೈದ್ಯರು ಮತ್ತು ದಾದಿಯರು ನನಗೆ ತಿಳಿಸಿಕೊಟ್ಟದ್ದು. ಆಕೆಯ ಊರು, ಕುಟುಂಬ, ಆಸ್ಪತ್ರೆಗೆ ಬಂದ ಕಾಲ ಇವನ್ನೆಲ್ಲ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದಿದ್ದೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಸೆಕ್ಷನ್ ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದು ಹೇಳುತ್ತದೆ. ಒಪ್ಪಿಗೆಯಿಲ್ಲದೆ ಅವರ ಭಾವಚಿತ್ರವನ್ನು ಮಾಧ್ಯಮಕ್ಕೆ ಕೊಡುವುದನ್ನು 24ನೆಯ ಸೆಕ್ಷನ್ ತಡೆಯುತ್ತದೆ. ಸೇವೆಗೆಂದು ಬರುವ ಅನೇಕರು ಸಸಿ ನೆಡುತ್ತಿರುವ ರೋಗಿಗಳೊಂದಿಗೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಆಕೆಯನ್ನು ಇಲ್ಲಿ ತಂಗೆವ್ವ ಎನ್ನುತ್ತೇನೆ. ನಾನು ಕರೆಯುತ್ತಿದ್ದದ್ದೂ ಹಾಗೆಯೇ. ಅವರು ನನ್ನನ್ನು ಮೊದಲು ಸಾಹೇಬರೇ ಎನ್ನುತ್ತಿದ್ದರು, ಆಮೇಲೆ ಅಣ್ಣ ಎನ್ನತೊಡಗಿದರು.

ತಂಗೆವ್ವ

ಭೀಮಾ ತೀರದ ಹಳ್ಳಿಯವರು. ಸ್ವಂತ ಹೊಲವಿಲ್ಲ. ಶಾಲೆಯ ಮುಖ ಕಾಣುವ ಮೊದಲೇ ತಾಯಿಯ ಬೆನ್ನಿಗೆ ಕಳೆ ತೆಗೆಯಲು ಹೋದವರು. ಹತ್ತಿ ಬಿಡಿಸುವುದು, ಜೋಳ ಕೊಯ್ಯುವುದು, ತೊಗರಿ ರಾಶಿ, ಆಮೇಲೆ ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳೆತ್ತುವುದು, ಎಲ್ಲವನ್ನೂ ಮಾಡಿದ್ದಾರೆ. ಮದುವೆಯಾದ ಕೆಲವೇ ವರ್ಷಗಳಲ್ಲಿ ಕಿವಿಯಲ್ಲಿ ಮಾತು ಕೇಳತೊಡಗಿತು. ಗಂಡ ತವರಿಗೆ ಬಿಟ್ಟು ಹೋದ. ಮನೆಯವರು ದೇವರ ಗುಡಿಗೆ ಕರೆದುಕೊಂಡು ಹೋದರು, ದರ್ಗಾಕ್ಕೆ ಕರೆದುಕೊಂಡು ಹೋದರು, ಕೊನೆಗೆ ಸೊಲ್ಲಾಪುರದ ವೈದ್ಯರ ಬಳಿಗೆ ಹೋದರು. ಅವರು ಅಲಕ್ಷ್ಯ ಮಾಡಿದರೆಂದು ನಾನು ಹೇಳಲಾರೆ. ಕೈಲಿದ್ದ ಹಣವೆಲ್ಲ ಆ ಓಡಾಟದಲ್ಲಿ ಕರಗಿತ್ತು. ಮಾತ್ರೆ ತಿಂದಷ್ಟು ದಿನ ತಂಗೆವ್ವ ಕೂಲಿಗೆ ಹೋಗುತ್ತಿದ್ದರು, ಮಾತ್ರೆ ನಿಂತಾಗ ಊರು ಬಿಟ್ಟು ಅಲೆಯುತ್ತಿದ್ದರು. ತಾಯಿ ಇರುವವರೆಗೆ ಹೀಗೇ ನಡೆಯಿತು. ತಾಯಿ ತೀರಿಕೊಂಡ ಮೇಲೆ ಅಣ್ಣ ಇಲ್ಲಿಗೆ ತಂದು ಸೇರಿಸಿದ. ಸ್ಥಿತಿ ಸುಧಾರಿಸಿದ ಮೇಲೂ ಕರೆದುಕೊಂಡು ಹೋಗಲಿಲ್ಲ.

ಇದೇ ಕಾಯ್ದೆಯ 19ನೆಯ ಸೆಕ್ಷನ್ ಸ್ಪಷ್ಟವಾಗಿದೆ: ಕುಟುಂಬ ಒಪ್ಪುವುದಿಲ್ಲ, ಮನೆಯಿಲ್ಲ, ಹೊರಗೆ ಸೌಲಭ್ಯವಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುವಂತಿಲ್ಲ. ಆದರೆ ಅವರನ್ನು ಎಲ್ಲಿಗೆ ಕಳುಹಿಸಬೇಕು? ತಂಗೆವ್ವ ಆ ಪ್ರಶ್ನೆಯ ನಡುವೆ ಸಿಕ್ಕಿಕೊಂಡವರು. ಹೊರಗೆ ಹೋಗಲು ಅವರಿಗೆ ಬೇಕಾದದ್ದರಲ್ಲಿ ಮೊದಲನೆಯದು ಹಣ. ಮುಂದಿನದನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು.

ತೋಟ, ಬಿಸಿಲು, ಮಾತ್ರೆ

ತೋಟವೆಂದರೆ ಅರ್ಧ ಎಕರೆಯಷ್ಟು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಅಂಟಾಗಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ನೀರು ನಿಂತರೆ ಸಸಿಯ ಬೇರು ಕೊಳೆಯುತ್ತದೆ. ಹಾಗಾಗಿ ಏರು ಮಡಿಗಳನ್ನು ಮಾಡಿ, ತಿಪ್ಪೆಗೊಬ್ಬರ ಬೆರೆಸಿ, ನಡುವೆ ನೀರು ಹರಿದುಹೋಗಲು ಕಾಲುವೆ ಬಿಟ್ಟೆವು. ಮಾನಸಿಕ ಆಸ್ಪತ್ರೆಯ ತೋಟದಲ್ಲಿ ಏನು ಬೆಳೆಯಬೇಕೆಂದು ಯೋಚಿಸುವ ಮೊದಲು ಏನನ್ನು ಕೀಳಬೇಕೆಂದು ನೋಡಬೇಕು. ಬೇಲಿಯುದ್ದಕ್ಕೂ ಕಣಗಿಲೆ ಇತ್ತು. ನೀರು ಕೇಳದ, ದನ ಮೇಯದ ಗಿಡವೆಂದು ಯಾರೋ ನೆಟ್ಟಿದ್ದರು. ಅದರ ಎಲೆ, ತೊಗಟೆ, ಬೇರು, ಹೂವು ಎಲ್ಲವೂ ಹೃದಯದ ಬಡಿತವನ್ನೇ ಕೆಡಿಸುವ ವಿಷ. ಹಳದಿ ಕಣಗಿಲೆಯ ಬೀಜವೂ ಅಷ್ಟೇ ಅಪಾಯಕಾರಿ. ಮೂಲೆಯಲ್ಲಿ ಉಮ್ಮತ್ತಿ ಮತ್ತು ಔಡಲ ತಾವಾಗಿ ಹುಟ್ಟಿದ್ದವು. ಎಲ್ಲವನ್ನೂ ಬುಡಸಮೇತ ತೆಗೆದೆವು. ಕೀಟನಾಶಕದ ಡಬ್ಬಿ ಗೇಟಿನ ಒಳಗೆ ಬರಬಾರದೆಂದು ನಿಶ್ಚಯಿಸಿ, ಬೇವಿನ ಬೀಜದ ಕಷಾಯಕ್ಕೇ ಸೀಮಿತವಾದೆವು. ಕುರ್ಪಿ, ಕುಡುಗೋಲು, ಗುದ್ದಲಿ ಎಣಿಸಿ ಕೊಡುವುದು, ಎಣಿಸಿ ತೆಗೆದುಕೊಳ್ಳುವುದು. ಇದು ರೋಗಿಗಳ ಮೇಲಿನ ಅಪನಂಬಿಕೆಯಲ್ಲ. ಬದುಕು ಸಾಕೆನಿಸಿದ ಗಳಿಗೆಯಲ್ಲಿ ಯಾರ ಕೈಗೂ ವಿಷ ಸುಲಭವಾಗಿ ಸಿಗಬಾರದು.

ಬಿಸಿಲಿನ ವಿಷಯವನ್ನು ನನಗೆ ಕಲಿಸಿದವರು ಹಿರಿಯ ದಾದಿಯೊಬ್ಬರು. ಕಲಬುರಗಿಯಲ್ಲಿ ಮೇ ತಿಂಗಳೆಂದರೆ 42–43 ಡಿಗ್ರಿ ಸಾಮಾನ್ಯ. ಮನೋರೋಗದ ಮಾತ್ರೆಗಳಲ್ಲಿ ಹಲವು ದೇಹವು ತನ್ನ ಶಾಖವನ್ನು ಹತೋಟಿಯಲ್ಲಿಡುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಕೈನಡುಕ, ಬಿಗಿತ ಬಾರದಿರಲೆಂದು ಜೊತೆಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನು ಕಡಿಮೆ ಮಾಡುತ್ತದೆ. ಕ್ಲೋರ್‌ಪ್ರೊಮಜೀನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಲಿಥಿಯಂ ತೆಗೆದುಕೊಳ್ಳುವವರ ದೇಹದಲ್ಲಿ ನೀರು ಕಡಿಮೆಯಾದರೆ ಔಷಧಿಯೇ ರಕ್ತದಲ್ಲಿ ಏರಿ ವಿಷವಾಗಬಹುದು. ಇದೆಲ್ಲ ತಿಳಿದ ಮೇಲೆ ತೋಟದ ವೇಳಾಪಟ್ಟಿ ನೋಡಿದರೆ ಬೆಳಿಗ್ಗೆ ಹತ್ತರಿಂದ ಹನ್ನೆರಡು ಎಂದಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಕೆಲಸ ಮಾಡುತ್ತವೆ. ಫ್ಯಾನಿನ ಕೆಳಗೆ ಕೂರುವ ಗುಮಾಸ್ತರಿಗೆ ಸಿಕ್ಕ ರಿಯಾಯಿತಿ, ಬೆವರೇ ಬಾರದವರಿಗೆ ಸಿಕ್ಕಿರಲಿಲ್ಲ. ಸಮಯವನ್ನು ಆರೂವರೆಯಿಂದ ಎಂಟೂವರೆಗೆ ಬದಲಿಸಲಾಯಿತು. ತಲೆಗೆ ಟವೆಲ್, ಪಕ್ಕದಲ್ಲಿ ಕುಡಿಯುವ ನೀರಿನ ಕೊಡ ಕಡ್ಡಾಯವಾಯಿತು. ಕೈ ನಡುಗುವವರಿಗೆ ರಾಜಗಿರಿಯಂಥ ಸಣ್ಣ ಬೀಜ ಕೊಡದೆ ಬೆಂಡೆ, ಹೀರೆ, ಅವರೆಯಂಥ ದಪ್ಪ ಬೀಜ ಕೊಡತೊಡಗಿದೆವು.

ಕೆಲಸ

ಬಂದವರಲ್ಲಿ ಹೆಚ್ಚಿನವರು ಅರ್ಧ ಗಂಟೆ ನೀರು ಹಾಕಿ, ಬೇವಿನ ನೆರಳಿಗೆ ಹೋಗಿ ಕೂರುತ್ತಿದ್ದರು. ಅದೇ ಸರಿ. ತಂಗೆವ್ವ ಕೂರುತ್ತಿರಲಿಲ್ಲ. ಸಾಲು ಹಿಡಿದರೆ ಸಾಲು ಮುಗಿಯಬೇಕು. ಕಳೆಯ ಬೇರು ತುಂಡಾಗದಂತೆ ಕುರ್ಪಿಯನ್ನು ಓರೆಯಾಗಿ ಹಾಕಿ ಎಬ್ಬಿಸುವ ಅವರ ಕೈಚಳಕವನ್ನು ನಾನು ಇಲಾಖೆಯ ಪ್ರಾತ್ಯಕ್ಷಿಕೆಗಳಲ್ಲೂ ಕಂಡಿಲ್ಲ. ಬದುವಿನ ಮೇಲೆ ಹಾಕಿದ್ದ ತೊಗರಿ ಮೊಣಕಾಲು ಮೀರಿ ಬೆಳೆದಾಗ, ಯಾರೂ ಹೇಳದೆ ಒಂದೊಂದೇ ಗಿಡದ ಕುಡಿ ಚಿವುಟುತ್ತ ಹೋದರು. ನೋಡಿದ ಆಯಾ ಓಡಿಬಂದು, ಗಿಡ ಹಾಳು ಮಾಡುತ್ತಿದ್ದಾರೆಂದು ದೂರು ಹೇಳಿದಳು. ಬಿತ್ತಿದ ಒಂದೂವರೆ ತಿಂಗಳ ಹೊತ್ತಿಗೆ ಕುಡಿ ಚಿವುಟಿದರೆ ತೊಗರಿ ಪಕ್ಕದ ರೆಂಬೆಗಳನ್ನು ಒಡೆದು ಹೆಚ್ಚು ಕಾಯಿ ಕಟ್ಟುತ್ತದೆ. ಕೃಷಿ ವಿಜ್ಞಾನಿಗಳು ರೈತರಿಗೆ ಹೇಳಿಕೊಡುವುದೂ ಇದನ್ನೇ. 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಹಿಂದೆ ಇಂಥ ಎಷ್ಟೋ ಹೆಂಗಸರ ಬೆರಳುಗಳಿವೆ. ಆಸ್ಪತ್ರೆಯ ಗೋಡೆಯೊಳಗೆ ಅದೇ ಬೆರಳಿನ ಜಾಣತನ ವಿಕೃತಿಯಂತೆ ಕಂಡಿತು.

ಒಂದು ಸಂಶಯ ಮಾತ್ರ ನ್ಯಾಯವಾದದ್ದಾಗಿತ್ತು. ಮನೋರೋಗದ ಕೆಲವು ಔಷಧಿಗಳಿಂದ ಒಂದೆಡೆ ಕೂರಲಾಗದ ಚಡಪಡಿಕೆ ಬರುತ್ತದೆ. ತಂಗೆವ್ವ ಬಿಡುವಿಲ್ಲದೆ ದುಡಿಯುವುದು ಅದರಿಂದಿರಬಹುದೇ ಎಂದು ಮನೋವೈದ್ಯರು ಪರೀಕ್ಷಿಸಿದರು. ಹಾಗಿರಲಿಲ್ಲ. ಊಟದ ಹೊತ್ತಿನಲ್ಲಿ ನೆಮ್ಮದಿಯಾಗಿ ಕೂರುತ್ತಿದ್ದರು, ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಅವರು ಕೂಲಿಯವರು ಕೂಲಿ ಮಾಡುವ ಹಾಗೆ ಕೆಲಸ ಮಾಡುತ್ತಿದ್ದರು, ಅಷ್ಟೇ.

ಇದಕ್ಕೆ ವಿರುದ್ಧವಾದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಪುರುಷರ ವಿಭಾಗದಲ್ಲಿದ್ದ ನಿವೃತ್ತ ಶಿಕ್ಷಕರೊಬ್ಬರು ಮಣ್ಣು ಮುಟ್ಟಲು ಒಪ್ಪಲಿಲ್ಲ. ಅವರ ಹೆಸರಿನ ಮುಂದೆ ‘ಸಹಕರಿಸುವುದಿಲ್ಲ’ ಎಂದು ಬರೆದಿದ್ದರು. ಅವರಿಗೆ ಬೇಕಿದ್ದದ್ದು ದಿನಪತ್ರಿಕೆ. ತೋಟಕ್ಕೆ ಬಂದವರಿಗೆ ಒಳ್ಳೆಯ ಗುರುತು, ಬಾರದವರಿಗೆ ಕೆಟ್ಟ ಗುರುತು ಎಂದಾದರೆ ಅಲ್ಲಿ ಇಷ್ಟದ ಮಾತೇ ಉಳಿಯುವುದಿಲ್ಲ.

ಕೂಲಿಯ ಪ್ರಶ್ನೆ

ತಂಗೆವ್ವನ ಊರಿನ ಸಂತೆ ಬುಧವಾರ. ವಾರದ ಬಟವಾಡೆ ಸಂತೆಯ ದಿನವೇ ಆಗಬೇಕು, ಇಲ್ಲದಿದ್ದರೆ ಎಣ್ಣೆ, ಬೆಲ್ಲ, ಚಹಾಪುಡಿ ಮನೆಗೆ ಬರುವುದಿಲ್ಲ. ಅವರು ಬುಧವಾರ ಸಂಜೆಯೇ ಕೇಳಿದ್ದೇಕೆಂದು ಹಳ್ಳಿಯಿಂದ ಬಂದ ಯಾರಿಗಾದರೂ ತಿಳಿಯುತ್ತದೆ. ಸಮಾಜ ಕಾರ್ಯಕರ್ತೆ ಕೂರಿಸಿಕೊಂಡು ವಿಚಾರಿಸಿದರು.

“ತಂಗೆವ್ವ, ಇದು ಯಾವ ಊರು?”

“ಕಲಬುರಗಿ. ಹುಚ್ಚರ ದವಾಖಾನೆ.”

“ಹೊಲ ಯಾರದು?”

“ದವಾಖಾನೆಯದು.”

“ಮತ್ತೆ ಕೂಲಿ ಯಾಕೆ ಕೇಳುತ್ತೀರಿ?”

“ಪುಂಡಿ ಪಲ್ಯ ನಾನು ಬೆಳೆದೆ. ಅಡುಗೆ ಮನೆಗೆ ಹೋಯಿತು. ಎಲ್ಲರೂ ಉಂಡರು. ಖಾತ್ರಿಯಲ್ಲಾದರೆ ಬ್ಯಾಂಕಿಗೆ ಹಾಕುತ್ತಿದ್ದರು.”

ಈ ಉತ್ತರದಲ್ಲಿ ಭ್ರಮೆ ಎಲ್ಲಿದೆ? ತಾನೆಲ್ಲಿದ್ದೇನೆ, ಭೂಮಿ ಯಾರದು, ಬೆಳೆ ಎಲ್ಲಿಗೆ ಹೋಯಿತು, ಹಣ ಹೇಗೆ ಬರಬೇಕು ಎಲ್ಲವೂ ಸರಿಯಾಗಿದೆ. ಮನೋವೈದ್ಯರು ಅದನ್ನು ಕೇಳಿಸಿಕೊಂಡು ಕಡತದ ಆ ಸಾಲನ್ನು ತಾವೇ ಹೊಡೆದುಹಾಕಿದರು. ಅವರ ಮೇಲೆ ನನಗೆ ಆ ದಿನದಿಂದ ಅಪಾರ ಗೌರವ.

ಆದರೆ ಭ್ರಮೆಯಲ್ಲ ಎಂದ ಮಾತ್ರಕ್ಕೆ ಹಣ ಕೊಡಲು ಯಾರೂ ಸಿದ್ಧರಿರಲಿಲ್ಲ. ಸಭೆಯಲ್ಲಿ ಮೂರು ಬಗೆಯ ಆಕ್ಷೇಪಗಳು ಬಂದವು. ಇದು ಚಿಕಿತ್ಸೆ, ಚಿಕಿತ್ಸೆಗೆ ಯಾರಾದರೂ ಹಣ ಕೊಡುತ್ತಾರೆಯೇ ಎಂದರು ಒಬ್ಬರು. ಊಟ, ವಸತಿ, ಔಷಧಿ ಉಚಿತವಾಗಿರುವಾಗ ಇನ್ನೇನು ಕೊಡಬೇಕು ಎಂದರು ಮತ್ತೊಬ್ಬರು. ನನ್ನನ್ನು ಕಲಕಿದ್ದು ಮೂರನೆಯದು: “ಸರ್ ಅವರೇ ಒಂದು ಪೈಸೆ ತೆಗೆದುಕೊಳ್ಳದೆ ದುಡಿಯುತ್ತಾರೆ. ಅವರಿಗಿಲ್ಲದ ಕೂಲಿ ಇವರಿಗೆ ಯಾಕೆ?”

ಆ ಮಾತನ್ನು ನನ್ನ ಮೇಲಿನ ಪ್ರೀತಿಯಿಂದಲೇ ಆಡಿದ್ದರು. ಆದರೆ ಅದು ನನ್ನ ಸೇವೆಯನ್ನು ತಂಗೆವ್ವನ ವಿರುದ್ಧ ಅಳತೆಗೋಲಾಗಿ ನಿಲ್ಲಿಸಿತು. ನನಗೆ ಪಿಂಚಣಿ ಬರುತ್ತದೆ. ಗೇಟು ನನಗೆ ಎರಡೂ ಕಡೆಯಿಂದ ತೆರೆಯುತ್ತದೆ. ಬೇಡವೆನಿಸಿದರೆ ನಾಳೆ ಬರುವುದಿಲ್ಲ, ಯಾವ ಕಡತದಲ್ಲೂ ನನ್ನನ್ನು ‘ಸಹಕರಿಸುವುದಿಲ್ಲ’ ಎಂದು ಬರೆಯುವುದಿಲ್ಲ. ಇಷ್ಟೆಲ್ಲ ಇರುವವನು ಉಚಿತವಾಗಿ ದುಡಿಯುವುದು ದಾನವಾಗಬಹುದು. ಇವೊಂದೂ ಇಲ್ಲದವರಿಂದ ಉಚಿತವಾಗಿ ದುಡಿಸಿದರೆ ಅದು ಬಿಟ್ಟಿ ಚಾಕರಿ. ಇನ್ನೂ ಒಂದು ಸಂಗತಿ ಆ ದಿನವೇ ತಿಳಿಯಿತು: ಮೊದಲು ಹೊರಗುತ್ತಿಗೆಯಲ್ಲಿ ಒಬ್ಬ ಮಾಲಿ ಇದ್ದ. ಸ್ವಯಂಸೇವಕರೂ ರೋಗಿಗಳೂ ತೋಟ ನೋಡಿಕೊಳ್ಳುತ್ತಾರೆಂದು ಅವನನ್ನು ಕೈಬಿಟ್ಟಿದ್ದರು. ನಮ್ಮ ಸೇವೆ ಒಬ್ಬ ಬಡವನ ಕೆಲಸವನ್ನು ಕಿತ್ತುಕೊಂಡು, ಅದರ ಹೊರೆಯನ್ನು ತಂಗೆವ್ವನ ಮೇಲೆ ಹಾಕಿತ್ತು.

ತೋಟದ ಕೆಲಸದಿಂದ ಮನಸ್ಸಿಗೆ ಒಳಿತಾಗುತ್ತದೆ ಎಂಬುದು ಹಳೆಯ ಮಾತು, ಸುಳ್ಳಲ್ಲದ ಮಾತು. ಇಂಗ್ಲೆಂಡಿನ ಯಾರ್ಕ್‌ನಲ್ಲಿ 1796ರಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮನೋರೋಗಿಗಳಿಗೆಂದು ತೆರೆದ ಆಶ್ರಯಧಾಮದಲ್ಲಿ ಸರಪಳಿಯ ಬದಲು ತೋಟವಿತ್ತು. ಅಮೆರಿಕದ ವೈದ್ಯ ಬೆಂಜಮಿನ್ ರಶ್ 1812ರಲ್ಲಿ, ಆಸ್ಪತ್ರೆಯಲ್ಲಿ ಸೌದೆ ಸೀಳುವ, ತೋಟ ಅಗೆಯುವ ಬಡ ರೋಗಿಗಳು ಎಷ್ಟೋ ಸಲ ಗುಣವಾಗುತ್ತಾರೆ, ಅಂತಸ್ತಿನ ಕಾರಣಕ್ಕೆ ಕೆಲಸ ಮಾಡದವರು ಸೊರಗುತ್ತಾರೆ ಎಂದು ಬರೆದ. ಆದರೆ ಮುಂದೆ ಅದೇ ನೆಪದಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳ ಹೊಲ, ಹಟ್ಟಿ, ಅಡುಗೆ, ಬಟ್ಟೆ ಒಗೆತ ಎಲ್ಲವೂ ರೋಗಿಗಳ ಕೂಲಿಯಿಲ್ಲದ ದುಡಿಮೆಯ ಮೇಲೆ ನಡೆದವು. ಚೆನ್ನಾಗಿ ದುಡಿಯುವ ರೋಗಿಯನ್ನು ಮನೆಗೆ ಕಳುಹಿಸಲು ಆಸ್ಪತ್ರೆಗಳಿಗೇ ಮನಸ್ಸಿರಲಿಲ್ಲ. 1973ರಲ್ಲಿ ಅಮೆರಿಕದ ನ್ಯಾಯಾಲಯವೊಂದು, ಹೀಗೆ ದುಡಿಯುವ ರೋಗಿಗಳೂ ವೇತನ ಕಾನೂನಿನ ಅಡಿ ಕೆಲಸಗಾರರೇ ಎಂದಿತು. ಆಗ ಅನೇಕ ಆಸ್ಪತ್ರೆಗಳು ಕೂಲಿ ಕೊಡುವ ಬದಲು ಕೆಲಸವನ್ನೇ ನಿಲ್ಲಿಸಿಬಿಟ್ಟವು. ನಮ್ಮಲ್ಲೂ ಹಾಗಾಗಬಾರದೆಂಬುದು ನನ್ನ ಭಯವಾಗಿತ್ತು. ತೋಟವನ್ನು ಮುಚ್ಚಿದರೆ ತಂಗೆವ್ವನಿಗೆ ಕೂಲಿಯೂ ಇಲ್ಲ, ಕುರ್ಪಿಯೂ ಇಲ್ಲ.

ಮಾತು ಮುಗಿಸಿದ್ದು ಕಾನೂನು. 2018ರ ಮೇ 29ರಿಂದ ಜಾರಿಯಲ್ಲಿರುವ ನಮ್ಮ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 20ನೆಯ ಸೆಕ್ಷನ್ನಿನಲ್ಲಿ, ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಯಾರನ್ನೂ ಬಲವಂತದಿಂದ ಕೆಲಸಕ್ಕೆ ಹಚ್ಚಬಾರದು, ಕೆಲಸ ಮಾಡಿದರೆ ಸೂಕ್ತ ಸಂಭಾವನೆ ಪಡೆಯುವುದು ಅವರ ಹಕ್ಕು ಎಂದಿದೆ. ಸಮಾಜ ಕಾರ್ಯಕರ್ತೆ ಅದನ್ನು ಗಟ್ಟಿಯಾಗಿ ಓದಿದರು. ತಂಗೆವ್ವ ಓದು ಬರಹ ಬಾರದೆಯೂ ಕೇಳಿದ್ದು ಅಕ್ಷರಶಃ ಅದನ್ನೇ.

ಲೆಕ್ಕ

‘ಸೂಕ್ತ’ ಎಂದರೆ ಎಷ್ಟು? ಕಾಯ್ದೆ ಅಂಕಿ ಹೇಳುವುದಿಲ್ಲ. ತಂಗೆವ್ವನೇ ಖಾತ್ರಿಯ ಮಾತೆತ್ತಿದ್ದರಿಂದ ಅಲ್ಲಿಂದಲೇ ಶುರು ಮಾಡಿದೆವು. 2024–25ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ. ದಿನವೆಂದರೆ ಎಂಟು ಗಂಟೆ ಎಂದಿಟ್ಟುಕೊಂಡರೆ ಎರಡು ಗಂಟೆಗೆ 87 ರೂಪಾಯಿ ಚಿಲ್ಲರೆ. ಆಡಳಿತ ಮಂಡಳಿ ಅದನ್ನು 90 ಮಾಡಿತು. ಕೃಷಿ ಕೂಲಿಗೆ ರಾಜ್ಯ ನಿಗದಿಪಡಿಸಿದ ಕನಿಷ್ಠ ವೇತನಕ್ಕಿಂತ ಖಾತ್ರಿಯ ದರ ಕಡಿಮೆ, ಆದ್ದರಿಂದ ಇದು ಮೊದಲ ಮೆಟ್ಟಿಲು ಮಾತ್ರ ಎಂದು ನಾನು ನಡಾವಳಿಯಲ್ಲಿ ಬರೆಸಿದೆ. ಹಣದ ಒಂದು ಪಾಲು ಮಾಲಿಯ ಹೆಸರಿನಲ್ಲಿ ಉಳಿಸಿದ್ದರಿಂದ ಬಂತು. ಉಳಿದದ್ದಕ್ಕೆ ಅಡುಗೆ ಮನೆಗೆ ಹೋಗುವ ಪುಂಡಿ, ಮೆಂತ್ಯ, ಚವಳಿಕಾಯಿ, ಬದನೆಯನ್ನು ಮಾರುಕಟ್ಟೆಯ ಬೆಲೆಗೆ ಲೆಕ್ಕ ಹಾಕಿದೆವು. ಜೂನಿನಲ್ಲಿ ಚೆಂಡು ಹೂವಿನ ಬೀಜ ಸಸಿಮಡಿಗೆ ಹಾಕಿ, ತಿಂಗಳ ಮೇಲೆ ನಾಟಿ ಮಾಡಿದ್ದು ದಸರೆಗೆ ಸರಿಯಾಗಿ ಅರಳಿತು. ಅದೂ ಸ್ವಲ್ಪ ಕೈಹಿಡಿಯಿತು.

ತೋಟವನ್ನೂ ಎರಡಾಗಿ ಮಾಡಿದೆವು. ಬೇವಿನ ಮರದ ಕಡೆಯದು ಮನಸ್ಸಿಗೆ ಬಂದಂತೆ ಇರುವ ಜಾಗ. ಅಲ್ಲಿ ಹೂ ನೆಡಬಹುದು, ನೀರು ಹಾಕಬಹುದು, ಸುಮ್ಮನೆ ಕೂರಬಹುದು, ಫಸಲಿನ ಲೆಕ್ಕವಿಲ್ಲ. ಬೋರ್‌ವೆಲ್ ಕಡೆಯದು ಕೆಲಸದ ಹೊಲ. ಅಲ್ಲಿ ಬರುವವರು ತಾವಾಗಿ ಕೇಳಿ, ವೈದ್ಯರ ಒಪ್ಪಿಗೆ ಪಡೆದು ಬರುತ್ತಾರೆ. ಹಾಜರಿ ಪುಸ್ತಕವಿದೆ, ಎರಡು ಗಂಟೆಗಿಂತ ಹೆಚ್ಚು ಕೆಲಸವಿಲ್ಲ. ಬಾರದ ದಿನ ಚಹಾ, ಟಿವಿ, ಮನೆಗೆ ಫೋನ್ ಮಾಡುವ ಅವಕಾಶ ಯಾವುದಕ್ಕೂ ಕತ್ತರಿಯಿಲ್ಲ. ತಂಗೆವ್ವ ಬೇವಿನ ಕಡೆಗೆ ತಿರುಗಿಯೂ ನೋಡಲಿಲ್ಲ. “ಅಲ್ಲಿ ಕೂತವರಿಗೆ ಪಗಾರ ಇಲ್ಲ, ಅಣ್ಣ” ಎಂದರು.

ಬ್ಯಾಂಕ್ ಖಾತೆಯ ಕೆಲಸವೇ ಎಲ್ಲಕ್ಕಿಂತ ಕಷ್ಟವಾಯಿತು. ಹಳೆಯ ಖಾತೆ ನಿಷ್ಕ್ರಿಯವಾಗಿತ್ತು, ಆಧಾರ್‌ನಲ್ಲಿ ಊರಿನ ವಿಳಾಸ, ಪಾಸ್‌ಬುಕ್ ಅಣ್ಣನ ಬಳಿ. ಸಮಾಜ ಕಾರ್ಯಕರ್ತೆ ತಿಂಗಳುಗಟ್ಟಲೆ ಓಡಾಡಿದರು. ಅಲ್ಲಿಯವರೆಗೆ ಕೂಲಿಯನ್ನು ಆಸ್ಪತ್ರೆಯ ಲೆಕ್ಕದಲ್ಲಿ ಬರೆದಿಟ್ಟು, ಪ್ರತಿ ಬುಧವಾರ ಮೊತ್ತವನ್ನು ತಂಗೆವ್ವನಿಗೆ ಓದಿ ಹೇಳಿ ಹೆಬ್ಬೆಟ್ಟು ಪಡೆಯುತ್ತಿದ್ದರು.

ಆ ವರ್ಷದ ಎಳ್ಳು ಅಮಾವಾಸ್ಯೆಗೆ ಚರಗ ಚೆಲ್ಲಬೇಕೆಂದು, ಅಂದರೆ ಹೊಲಕ್ಕೆ ನೈವೇದ್ಯದ ಅಡುಗೆ ಚೆಲ್ಲಬೇಕೆಂದು, ಅಡುಗೆಯವರು ಬಜ್ಜಿ, ಸಜ್ಜೆ ಕಡುಬು ಮಾಡಿದ್ದರು. ನಮ್ಮ ಕಡೆ ಚರಗ ಚೆಲ್ಲುವವರು ಹೊಲದ ಒಡೆಯರು. ಕೂಲಿಯವರು ಉಣ್ಣಲು ಕರೆದರೆ ಬರುತ್ತಾರೆ. ತಂಗೆವ್ವ ತಟ್ಟೆ ಹಿಡಿದು ದೂರವೇ ನಿಂತಿದ್ದರು. ಸಮಾಜ ಕಾರ್ಯಕರ್ತೆ ಚರಗದ ಬುಟ್ಟಿಯನ್ನು ಅವರ ಕೈಗೇ ಕೊಟ್ಟರು. ಅವರು ತೊಗರಿಯ ಸಾಲಿನುದ್ದಕ್ಕೂ ನಡೆದು ಚೆಲ್ಲಿದರು. ಆಮೇಲೆ ನನ್ನ ಬಳಿ ಬಂದು, ಇವತ್ತಿನದೂ ಹಾಜರಿಗೆ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ.

ಈಗ

ಕೂಲಿಯಿಂದ ರೋಗ ವಾಸಿಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮುಂದಿನ ಮಳೆಗಾಲದಲ್ಲಿ ಕಿವಿಯ ಮಾತು ಮತ್ತೆ ಜೋರಾಯಿತು. ವಾರಗಟ್ಟಲೆ ತೋಟಕ್ಕೆ ಬರಲಿಲ್ಲ. ಆಗ ಹಾಜರಿ ಪುಸ್ತಕದಲ್ಲಿ ಅವರ ಹೆಸರನ್ನು ಹೊಡೆಯದೆ ಖಾಲಿ ಬಿಟ್ಟರು. ಔಷಧಿಯ ಪ್ರಮಾಣ ಬದಲಾದ ಮೇಲೆ ಮರಳಿ ಬಂದರು. ಆದರೆ ಬದಲಾದದ್ದೂ ಇದೆ. ಮೊದಲು ವಾರ್ಡಿನಲ್ಲಿ ಅವರು ಏನನ್ನೂ ಬೇಕೆಂದು ಕೇಳುತ್ತಿರಲಿಲ್ಲ. ಈಗ ತಲೆಗೆ ಹಚ್ಚುವ ಎಣ್ಣೆ ಯಾವುದು ಬೇಕೆಂದು ಹೇಳುತ್ತಾರೆ, ಹಸಿರು ಬಳೆಯನ್ನೇ ತರಿಸಿಕೊಳ್ಳುತ್ತಾರೆ, ಮಾತ್ರೆ ಯಾವುದಕ್ಕೆಂದು ವೈದ್ಯರನ್ನು ಕೇಳುತ್ತಾರೆ.

ಖಾತೆ ತೆರೆದ ಸುದ್ದಿ ತಿಳಿದು ಅಣ್ಣ ಬಂದಿದ್ದ. ಹಣ ತನ್ನ ಕೈಗೆ ಕೊಡಬೇಕೆಂದು ಕೇಳಿದ. ಅವನದೂ ಬಡತನ, ಸಾಲ. ತಂಗೆವ್ವ ಅವನಿಗೆ ಚಹಾ ತರಿಸಿ ಕುಡಿಸಿದರು, ಹಣ ಕೊಡಲಿಲ್ಲ. ಅವರ ಖಾತೆ, ಅವರ ತೀರ್ಮಾನ. ಆಸ್ಪತ್ರೆ ನಡುವೆ ಬರಲಿಲ್ಲ. ಹೊರಗೆ ಬಾಡಿಗೆ ಕೋಣೆಯಲ್ಲಿ ಇನ್ನಿಬ್ಬರು ಮಹಿಳೆಯರ ಜೊತೆ ಇರುವ ವ್ಯವಸ್ಥೆಯ ಬಗ್ಗೆ ಮಾತು ನಡೆದಿದೆ. ವಾರಕ್ಕೆ ನಾಲ್ಕು ಬೆಳಿಗ್ಗೆ ದುಡಿದರೆ ಬರುವ 360 ರೂಪಾಯಿಯಲ್ಲಿ ಅದು ಸಾಧ್ಯವಿಲ್ಲ. ಅಂಗವಿಕಲರ ಮಾಸಾಶನಕ್ಕೂ ಅರ್ಜಿ ಹಾಕಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ.

ಹೊಸದಾಗಿ ಬರುವ ಸ್ವಯಂಸೇವಕರಿಗೆ ಈಗ ಮೊದಲ ದಿನವೇ ಹಾಜರಿ ಪುಸ್ತಕ ತೋರಿಸುತ್ತೇವೆ. ನಾವು ಯಾರ ಕೆಲಸದ ಜಾಗದಲ್ಲಿ ನಿಂತಿದ್ದೇವೆ, ನಮ್ಮ ಪಕ್ಕದಲ್ಲಿ ದುಡಿಯುವವರಿಗೆ ಏನು ಸಿಗುತ್ತದೆ, ಬೇಡವೆಂದವರಿಗೆ ಏನಾಗುತ್ತದೆ ಎಂದು ಕೇಳಿ ತಿಳಿದುಕೊಂಡೇ ಅವರು ಗುದ್ದಲಿ ಹಿಡಿಯಬೇಕು. ಕೈಬಿಟ್ಟಿದ್ದ ಮಾಲಿಯನ್ನು ಮರಳಿ ಕರೆಯಬೇಕೆಂಬ ನನ್ನ ಮನವಿ ಮಂಡಳಿಯ ಮುಂದಿದೆ. ಈ ಸಲ ಪುರುಷರ ವಿಭಾಗದಿಂದಲೂ ಮೂವರು ಕೆಲಸದ ಹೊಲಕ್ಕೆ ಹೆಸರು ಕೊಟ್ಟಿದ್ದಾರೆ. ಅವರಿಗೂ ಇದೇ ದರ ಕೊಡಬೇಕು, ಮಾಲಿಯ ಸಂಬಳವೂ ಹೊರಡಬೇಕು. ಪುಂಡಿ ಮತ್ತು ಚೆಂಡು ಹೂವಿನಿಂದ ಅಷ್ಟು ಹುಟ್ಟುವುದಿಲ್ಲ. ಮುಂದಿನ ತಿಂಗಳ ಸಭೆಯಲ್ಲಿ ಟ್ರಸ್ಟಿನ ಆಯವ್ಯಯದಲ್ಲೇ ತೋಟದ ಕೂಲಿಗೆಂದು ಒಂದು ತಲೆಬರಹ ಸೇರಿಸಬೇಕೆಂದು ಕೇಳಲಿದ್ದೇವೆ. ತಂಗೆವ್ವನೂ ಸಭೆಗೆ ಬರುತ್ತೇನೆಂದಿದ್ದಾರೆ. ಸಭೆ ಬುಧವಾರ ಇಡಬೇಡಿ ಎಂದು ಮಾತ್ರ ಹೇಳಿದ್ದಾರೆ.